ಸೊಂಟಕ್ಕೊಂದು ಕುರ್ಚಿ

ಬೆನ್ನುನೋವಿಗೆ ಸಲಹೆ ಕೊಡಲು ನಮ್ಮಲ್ಲಿ ಯಾರಿಗೂ ಡಿಗ್ರಿ ಬೇಕಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬರು ಮದುವೆ ಮನೆಗೆ ಕಾಲಿಟ್ಟರೆ ಸಾಕು, ಮೊದಲ ಪಂಕ್ತಿ ಏಳುವುದರೊಳಗೆ ಹತ್ತಾರು ಚಿಕಿತ್ಸೆಗಳು ಗೊತ್ತಾಗಿರುತ್ತವೆ. ಮಹಾನಾರಾಯಣ ತೈಲ ಹಚ್ಚಿ, ಉಪ್ಪಿನ ಗಂಟಿನ ಶಾಖ ಕೊಡಿ, ಬೆಲ್ಟ್ ಕಟ್ಟಿ, ನಮ್ಮೂರಲ್ಲೊಬ್ಬರು ನೀವುತ್ತಾರೆ ಅಲ್ಲಿಗೆ ಹೋಗಿ. ಇವೆಲ್ಲ ಮುಗಿದ ಮೇಲೆ ಪಂಕ್ತಿಯ ಹಿರಿಯರೊಬ್ಬರು ಬಾಳೆಲೆ ಮಡಚುತ್ತಾ ತೀರ್ಪು ಕೊಡುತ್ತಾರೆ: “ಮೆತ್ತನೆ ಹಾಸಿಗೆ ಮೊದಲು ಬಿಡಿ. ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗಿ, ಎಲ್ಲಾ ಸರಿಹೋಗತ್ತೆ.”

ನೋವಿನವರು ಪಾಪ, ಅದನ್ನೂ ಮಾಡಿ ನೋಡುತ್ತಾರೆ. ನೆಲದ ಮೇಲೆ ಮಲಗುವುದು ಅಂಥ ಕಷ್ಟವಲ್ಲ, ಏಳುವುದು ಕಷ್ಟ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಬೇಕೆಂದರೆ ಮೊದಲು ಮಗ್ಗುಲಾಗಬೇಕು, ಮೊಣಕೈ ಊರಬೇಕು, ಒಂದು ಮಂಡಿ ಮಡಚಿ ಗೋಡೆ ಹಿಡಿಯಬೇಕು. ಅಷ್ಟರಲ್ಲಿ ಸೊಂಟದಲ್ಲೊಂದು ಚಳುಕು ಎದ್ದು ತೊಡೆಯವರೆಗೆ ಹರಿದಿರುತ್ತದೆ. ಹಾಗೆ ಎದ್ದವರು ಮತ್ತೆ ಚಾಪೆಗೆ ಬರುವುದಿಲ್ಲ. ಹಾಲ್‌ನ ಸೋಫಾದಲ್ಲಿ ಕೂತು, ಟೀಪಾಯಿಯ ಮೇಲೆ ಕಾಲು ಚಾಚಿ, ಟೀವಿಯ ಸದ್ದಡಗಿಸಿ ಯಾವುದೋ ಹಳೇ ಸಿನಿಮಾ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದಾಗಲೇ ಎಚ್ಚರ. ಕತ್ತು ಹಿಡಿದುಕೊಂಡಿದೆ, ಆದರೆ ನಿದ್ದೆಯಂತೂ ಆಗಿದೆ.

ಹಿಂದಕ್ಕೆ ವಾಲಿ ಕಾಲೆತ್ತುವ ರಿಕ್ಲೈನರ್ ಕುರ್ಚಿಯ ಯೋಚನೆ ಮನೆಯೊಳಗೆ ಬರುವುದು ಸಾಮಾನ್ಯವಾಗಿ ಈ ದಾರಿಯಿಂದ.

ಆಮೇಲಿನದನ್ನು ವಿದೇಶದಲ್ಲಿರುವ ಮಗನೋ ಮಗಳೋ ವಹಿಸಿಕೊಳ್ಳುತ್ತಾರೆ. “ಅಮ್ಮಾ, ನೀನು ಏನೂ ಯೋಚ್ನೆ ಮಾಡ್ಬೇಡ, ಇವತ್ತೇ ಆರ್ಡರ್ ಹಾಕ್ತೀನಿ” ಎಂದು ವೀಡಿಯೋ ಕಾಲ್‌ನಲ್ಲೇ ತೀರ್ಮಾನವಾಗುತ್ತದೆ. ಚಿತ್ರದಲ್ಲಿ ಆರಡಿ ಎತ್ತರದ ಗಂಡಸೊಬ್ಬ ಕುರ್ಚಿಯಲ್ಲಿ ಮೈಚಾಚಿ ನಗುತ್ತಿರುತ್ತಾನೆ. ಮನೆಯಲ್ಲಿ ಅದರ ಮೇಲೆ ಮಲಗಬೇಕಾದ ಅಮ್ಮ ಐದಡಿ. ವಾರದೊಳಗೆ ಬಂದ ಕುರ್ಚಿ ಮೊದಲು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ತೂರುವುದಿಲ್ಲ, ಆಮೇಲೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಬಂದ ಮೇಲೆ ಅದರಲ್ಲಿ ಸುಖವಾಗಿ ಮಲಗುವವರು ಅಮ್ಮನಲ್ಲ, ನೋವೇ ಇಲ್ಲದ ಅಪ್ಪ. ಇಂಥ ಮನೆಗಳು ಬೆಂಗಳೂರಿನಲ್ಲಿ ಬೀದಿಗೊಂದಾದರೂ ಸಿಕ್ಕಾವು.

ಒರಗಿಕೊಂಡೇ ರಾತ್ರಿ ಕಳೆಯುವುದು ಕನ್ನಡಿಗರಿಗೆ ಹೊಸದೇನಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ರಾಜಹಂಸ ಬಸ್ಸಿನ ಸೀಟನ್ನು ಹಿಂದಕ್ಕೆ ತಳ್ಳಿ ಮಂಗಳೂರಿನವರೆಗೆ ಗೊರಕೆ ಹೊಡೆದವರು ಎಷ್ಟೋ ಮಂದಿ. ಹಿಂದಿನ ಸೀಟಿನವರ ಮಂಡಿಗೆ ತಗಲಿ ಜಗಳವಾದರೂ ಸೀಟು ಮುಂದೆ ಬರುತ್ತಿರಲಿಲ್ಲ. ಈಗ ಅಂಬಾರಿ, ಪಲ್ಲಕ್ಕಿ ಎಂದು ಉದ್ದಕ್ಕೆ ಮಲಗಿಸಿಕೊಂಡು ಹೋಗುವ ಸರ್ಕಾರಿ ಬಸ್ಸುಗಳು ಬಂದಿವೆ. ಆದರೂ “ಸ್ಲೀಪರ್‌ನಲ್ಲಿ ಮೈಯೆಲ್ಲ ಕುಲುಕತ್ತೆ, ನನಗೆ ಸೀಟೇ ಇರಲಿ” ಎನ್ನುವ ಸೊಂಟದವರು ಇದ್ದೇ ಇದ್ದಾರೆ. ಅವರ ಮಾತನ್ನು ಹಟವೆಂದು ತಳ್ಳಿಹಾಕುವ ಮುಂಚೆ ಬೆನ್ನಿನೊಳಗೆ ಏನಾಗುತ್ತದೆಂದು ನೋಡಬೇಕು.

ಅದನ್ನು ನಿಜಕ್ಕೂ ಒಳಹೊಕ್ಕು ನೋಡಿದವರಿದ್ದಾರೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಸೊಂಟದ ಡಿಸ್ಕಿಗೆ ಸೂಜಿ ಚುಚ್ಚಿ ಒಳಗಿನ ಒತ್ತಡ ಅಳೆದರು. ಎರಡು ಎಲುಬಿನ ಮಣಿಗಳ ನಡುವೆ ಕೂತಿರುವ ಮೆತ್ತೆಯೇ ಈ ಡಿಸ್ಕು. ನಿಂತಾಗಿನ ಒತ್ತಡವನ್ನು ನೂರು ಎಂದಿಟ್ಟುಕೊಂಡರೆ ಆಸರೆಯಿಲ್ಲದೆ ಕೂತಾಗ ಅದು ನೂರನ್ನು ಮೀರುತ್ತದೆ, ಅಂಗಾತ ಮಲಗಿದಾಗ ಇಪ್ಪತ್ತೈದರ ಆಸುಪಾಸಿಗೆ ಇಳಿಯುತ್ತದೆ ಎಂಬುದು ಅವರ ಲೆಕ್ಕ. ದಶಕಗಳ ಕಾಲ ಫಿಸಿಯೋಥೆರಪಿ ಪಾಠಗಳಲ್ಲಿ ಈ ಚಿತ್ರ ತಪ್ಪದೆ ಇರುತ್ತಿತ್ತು.

ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋದರು. ನಲವತ್ತೈದು ವರ್ಷದ, ಎಪ್ಪತ್ತು ಕಿಲೋ ತೂಕದ ಒಬ್ಬ ಸ್ವಯಂಸೇವಕನ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕಿನೊಳಗೆ ಒಂದೂವರೆ ಮಿಲಿಮೀಟರ್ ದಪ್ಪದ ಸಂವೇದಕ ಕೂರಿಸಿ ಒಂದು ಹಗಲು, ಒಂದು ರಾತ್ರಿ ಹಾಗೇ ಬಿಟ್ಟರು. ಆತ ನಿಂತ, ಕೂತ, ನಕ್ಕ, ಮೆಟ್ಟಿಲು ಹತ್ತಿದ, ಭಾರ ಎತ್ತಿದ, ನಿದ್ದೆ ಹೋದ. 1999ರಲ್ಲಿ ಪ್ರಕಟವಾದ ಆ ಅಂಕಿಗಳನ್ನು ಓದಿದರೆ ಎಂಥವರೂ ಒಮ್ಮೆ ನೆಟ್ಟಗೆ ಕೂರುತ್ತಾರೆ. ಮಲಗಿದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5, ಒರಗದೆ ಕೂತಾಗ ನಾಕೆಮ್ಸನ್ ಲೆಕ್ಕಕ್ಕೆ ವಿರುದ್ಧವಾಗಿ ಅದಕ್ಕೂ ಕಡಿಮೆ, 0.46, ಬೆನ್ನು ಬಾಗಿಸಿ ಇಪ್ಪತ್ತು ಕಿಲೋ ಎತ್ತಿದಾಗ 2.3. ಈ ಕೊನೆಯದು ಕಾರಿನ ಟೈರಿಗೆ ತುಂಬಿಸುವ ಗಾಳಿಯ ಒತ್ತಡದ ಹತ್ತು ಪಟ್ಟಿನ ಹತ್ತಿರ. ಅಡುಗೆಮನೆಗೆ ಗ್ಯಾಸ್ ಸಿಲಿಂಡರ್ ಎಳೆದು ತರುವವರು ನೆನಪಿಟ್ಟುಕೊಳ್ಳಬೇಕಾದ ಸಂಖ್ಯೆ.

ಕುರ್ಚಿಯ ಮಾತಿಗೆ ಬೇಕಾದ ಅಂಕಿ ಬೇರೆಯದು. ಬೆನ್ನೊರಗಿಗೆ ಮೈಚೆಲ್ಲಿ, ಜಾರಿದಂತೆ ಕೂತಾಗ ಆ ಮನುಷ್ಯನ ಡಿಸ್ಕಿನಲ್ಲಿದ್ದದ್ದು ಸುಮಾರು 0.3. ಅಂದರೆ ನೆಟ್ಟಗೆ ಕೂರುವುದಕ್ಕಿಂತ ಒರಗುವುದರಲ್ಲಿ ಭಾರ ಕಡಿಮೆ. “ಬೆನ್ನು ನೆಟ್ಟಗಿಟ್ಟು ಕೂತ್ಕೋ” ಎಂದು ಮಕ್ಕಳ ಬೆನ್ನಿಗೆ ಗುದ್ದುತ್ತಿದ್ದ ಮೇಷ್ಟ್ರುಗಳಿಗೆ ಇದು ರುಚಿಸಲಾರದು. ಆದರೆ ಕುರ್ಚಿ ಮಾರುವವರಿಗೂ ಇದೇ ಪಟ್ಟಿಯಲ್ಲೊಂದು ಅಹಿತದ ಸಂಗತಿಯಿದೆ: ಡಿಸ್ಕಿನ ಒತ್ತಡವೊಂದನ್ನೇ ಹಿಡಿದರೆ ಯಾವ ರಿಕ್ಲೈನರೂ ಮಂಚವನ್ನು ಗೆಲ್ಲುವುದಿಲ್ಲ.

ಹಾಗಾದರೆ ಮಂಚದಲ್ಲಿ ಬಾರದ ನಿದ್ದೆ ಕುರ್ಚಿಯಲ್ಲಿ ಬರುವುದೇಕೆ? ಕಾರಣ ಕಾಲಿನಲ್ಲಿದೆ. ಅಂಗಾತ ಮಲಗಿ ಕಾಲು ನೀಡಿದಾಗ ಸೊಂಟದಿಂದ ತೊಡೆಗೆ ಹಾಯ್ದಿರುವ ಸ್ನಾಯು ಸೆಟೆದು ಸೊಂಟದ ಎಲುಬನ್ನು ಮುಂದಕ್ಕೆಳೆಯುತ್ತದೆ. ಹಾಸಿಗೆಗೂ ಸೊಂಟಕ್ಕೂ ನಡುವೆ ಕೈ ತೂರುವಷ್ಟು ಜಾಗ ಬೀಳುತ್ತದೆ. ಮಂಡಿ ಮಡಚಿದರೆ ಆ ಸೆಳೆತ ಸಡಿಲವಾಗುತ್ತದೆ. ವಯಸ್ಸಾದವರಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ನರಗಳು ಹಾದುಹೋಗುವ ಬೆನ್ನಿನ ನಾಳ ಕಿರಿದಾಗಿರುತ್ತದೆ, ಡಾಕ್ಟರು ಚೀಟಿಯಲ್ಲಿ ಸ್ಟೆನೋಸಿಸ್ ಎಂದು ಬರೆದುಕೊಟ್ಟಿರುತ್ತಾರೆ. ಇಂಥವರನ್ನು ಸೂಪರ್‌ಮಾರ್ಕೆಟ್‌ನಲ್ಲಿ ದೂರದಿಂದಲೇ ಗುರುತಿಸಬಹುದು. ಕೈ ಬೀಸಿ ನೂರು ಹೆಜ್ಜೆ ನಡೆಯಲಾರದವರು ಟ್ರಾಲಿಯ ಹಿಡಿಯ ಮೇಲೆ ಬಾಗಿ ಅರ್ಧ ಗಂಟೆ ಸುತ್ತುತ್ತಾರೆ. ಬಾಗಿದಾಗ ಆ ನಾಳ ಕೊಂಚ ಅಗಲವಾಗುತ್ತದೆ, ನರಗಳಿಗೆ ಉಸಿರಾಡಲು ಎಡೆ ಸಿಗುತ್ತದೆ. ಅಂಥ ಬೆನ್ನಿಗೆ ನೇರ ಮಲಗುವುದೇ ಶಿಕ್ಷೆ, ಒರಗಿ ಕಾಲೆತ್ತುವುದು ಬಿಡುಗಡೆ. ಸೊಂಟದ ಮಣಿಯೊಂದು ಮುಂದಕ್ಕೆ ಜಾರಿರುವ ಹಲವರ ಅನುಭವವೂ ಇದೇ.

ಎಷ್ಟು ಒರಗಬೇಕು? ಇದಕ್ಕೆ ಮೂರು ದಿಕ್ಕಿನಿಂದ ಉತ್ತರ ಬಂದಿದೆ, ಮೂರೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. ಅಮೆರಿಕದ ಡಾಕ್ಟರ್ ಜೆ. ಜೆ. ಕೀಗನ್ 1953ರಲ್ಲಿ ಎಕ್ಸ್‌ರೇ ತೆಗೆದು, ಮುಂಡಕ್ಕೂ ತೊಡೆಗೂ ನಡುವೆ ಸುಮಾರು 135 ಡಿಗ್ರಿ ಇದ್ದಾಗ ಸೊಂಟದ ಬಾಗು ಸಹಜ ಸ್ಥಿತಿಯಲ್ಲಿರುತ್ತದೆಂದು ತೋರಿಸಿದರು. 1973-74ರಲ್ಲಿ ಸ್ಕೈಲ್ಯಾಬ್ ಗಗನನೌಕೆಯಲ್ಲಿ ತೇಲುತ್ತಿದ್ದ ಯಾತ್ರಿಗಳ ಮೈ ತಾನಾಗಿ ಯಾವ ಭಂಗಿಗೆ ಬಂದು ನಿಲ್ಲುತ್ತದೆಂದು ನಾಸಾ ಫೋಟೋ ಹಿಡಿದು ಅಳೆದಾಗ ಅದೇ ಕೋನ ಸುಮಾರು 128 ಡಿಗ್ರಿ ಬಂತು, ಮಂಡಿಯದು 133. ಮುಂದೆ 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೂತ ಭಂಗಿಯಲ್ಲೇ ಎಂಆರ್‌ಐ ತೆಗೆಯುವ ಯಂತ್ರದೊಳಗೆ ಇಪ್ಪತ್ತೆರಡು ಮಂದಿ ಆರೋಗ್ಯವಂತರನ್ನು ಕೂರಿಸಿ ನೋಡಿದರು. ತೊಂಬತ್ತು ಡಿಗ್ರಿಯಲ್ಲಿ ನೆಟ್ಟಗೆ ಕೂತಾಗ ಡಿಸ್ಕು ಹೆಚ್ಚು ಸರಿಯುತ್ತಿತ್ತು, 135ರಲ್ಲಿ ಕಡಿಮೆ. ಷೋರೂಮಿನಲ್ಲಿ “ಜೀರೋ ಗ್ರಾವಿಟಿ ಸಾರ್, ನಾಸಾ ಟೆಕ್ನಾಲಜಿ” ಎಂದು ಹುಡುಗ ಗುಂಡಿ ಒತ್ತಿದಾಗ ಬೆರಗಾಗಬೇಕಿಲ್ಲ. ಗುರುತ್ವ ಎಲ್ಲಿಗೂ ಹೋಗಿರುವುದಿಲ್ಲ, ನಾಸಾದವರು ಆ ಕುರ್ಚಿ ನೋಡಿಯೂ ಇರುವುದಿಲ್ಲ. ಆದರೆ ಆ ಗುಂಡಿಯಿಂದ ತೊಡೆ ಮೇಲೆದ್ದು, ಮಂಡಿ ಮಡಚಿ, ಪಾದ ಎದೆಯ ಮಟ್ಟಕ್ಕೆ ಬರುವುದಾದರೆ ಆ ಗುಂಡಿ ಒಳ್ಳೆಯದೇ.

ಹಣ ಕೊಟ್ಟು ಕೊಳ್ಳುವುದು ಈ ಕೋನವನ್ನು. ಮೆತ್ತೆ, ಬಣ್ಣ, ಲೋಟ ಇಡುವ ತೂತು, ಮೊಬೈಲ್ ಚಾರ್ಜ್ ಮಾಡುವ ಕಿಂಡಿ ಎಲ್ಲವೂ ಆಮೇಲಿನ ಮಾತು.

ನಮ್ಮ ಹಳೆಯ ಆರಾಮ ಕುರ್ಚಿಗಳು ಈ ಕೋನವನ್ನು ಬಲ್ಲವು, ಪೂರ್ತಿಯಾಗಿ ಅಲ್ಲ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳ ಜಗಲಿಯಲ್ಲಿ, ಹಳೇ ಐಬಿಗಳ ವರಾಂಡದಲ್ಲಿ ಈಗಲೂ ಕಾಣುವ ಬೆತ್ತ ಹೆಣೆದ ಕುರ್ಚಿಯ ಕೈಗಳ ಕೆಳಗೆ ಉದ್ದನೆ ಹಲಗೆಗಳು ಅಡಗಿರುತ್ತವೆ. ಅವನ್ನು ಮುಂದಕ್ಕೆ ತಿರುಗಿಸಿ, ಬೂಟು ಬಿಚ್ಚುವ ಆಳು ಬರುವವರೆಗೆ ದೊರೆಗಳು ಕಾಲು ಚಾಚಿಕೊಂಡಿರುತ್ತಿದ್ದರು. ಬೆನ್ನಿಗೆ ಸುಖ, ಬೆತ್ತದ ಸಂದಿಯಿಂದ ಗಾಳಿ, ಆದರೆ ಮಂಡಿಯ ಕೆಳಗೆ ಏನೇನೂ ಆಸರೆಯಿಲ್ಲ. ಗಳಿಗೆ ಹೊತ್ತಿಗೆ ಕಾಲು ಜೋಮು. ಮಧ್ಯಮ ವರ್ಗದ ಮನೆಗಳಲ್ಲಿದ್ದದ್ದು ಪಟ್ಟೆಪಟ್ಟೆ ಕ್ಯಾನ್‌ವಾಸಿನ ಮಡಚುವ ಈಜಿಚೇರು. ಹಿಂದಿನ ಕಚ್ಚುಗಳಲ್ಲಿ ಕೋಲು ಸಿಕ್ಕಿಸಿ ಏರಿಳಿಸಬಹುದಾಗಿತ್ತು, ಅಜ್ಜ ಕೂರುವ ಮುಂಚೆ ಮೇಲಿನ ಗೂಟ ತೆಗೆದಿಟ್ಟು ಬಾಗಿಲ ಮರೆಯಲ್ಲಿ ನಿಲ್ಲುವ ಮೊಮ್ಮಕ್ಕಳೂ ಇದ್ದರು. ಹೊಸತರಲ್ಲಿ ಬಟ್ಟೆ ಬಿಗಿ. ವರ್ಷ ಕಳೆದಂತೆ ಜೋತು ಬಿದ್ದು, ಪಿರ್ರೆ ಕೆಳಗಿಳಿದು, ಸೊಂಟ ಬಿಲ್ಲಾಗುತ್ತಿತ್ತು. ಎಬ್ಬಿಸಲು ಎರಡೂ ಕೈ ಹಿಡಿದು ಒಬ್ಬರು ಎಳೆಯಬೇಕಿತ್ತು.

ಅಮೆರಿಕದ ಮಿಷಿಗನ್ ರಾಜ್ಯದ ಮನ್ರೋ ಎಂಬ ಊರಿನಲ್ಲಿ ರಿಕ್ಲೈನರಿನ ಕತೆ ಶುರುವಾಗಿದ್ದೂ ಜಗಲಿಯ ಕುರ್ಚಿಯಿಂದಲೇ. ಎಡ್ವರ್ಡ್ ನಬುಶ್, ಎಡ್ವಿನ್ ಶೂಮೇಕರ್ ಎಂಬ ದಾಯಾದಿ ಸೋದರರು 1928ರಲ್ಲಿ ಮರದ ಪಟ್ಟಿಗಳಿಂದ ಮೈಯ ಜೊತೆಗೇ ಹಿಂದಕ್ಕೆ ವಾಲುವ ಕುರ್ಚಿಯೊಂದನ್ನು ಮಾಡಿದರು. ಬೇಸಗೆಯಲ್ಲಿ ಮಾತ್ರ ಹೊರಗೆ ಹಾಕುವ ಕುರ್ಚಿ ಯಾರಿಗೆ ಬೇಕು, ಮೆತ್ತೆ ಹೊಲಿಸಿ ಕೊಡಿ, ವರ್ಷವಿಡೀ ಮಾರೋಣ ಎಂದು ವ್ಯಾಪಾರಿಯೊಬ್ಬ ಹೇಳಿದ ಮೇಲೆ ಅದು ಮನೆಯೊಳಗೆ ಬಂತು. ಲೇಜಿ ಬಾಯ್ ಎಂಬ ಹೆಸರು ಸ್ಪರ್ಧೆಯಲ್ಲಿ ಗೆದ್ದದ್ದು. ಅವರ ಮುಖ್ಯ ಜಾಣ್ಮೆಯೆಂದರೆ ಬೆನ್ನು ಹಿಂದಕ್ಕೆ ಹೋದಂತೆ ಕೂರುವ ಹಲಗೆಯೂ ಅದರ ಜೊತೆ ಸರಿಯುವಂತೆ ಮಾಡಿದ್ದು. ಇವತ್ತಿಗೂ ಒಳ್ಳೆಯ ರಿಕ್ಲೈನರನ್ನೂ ಅಗ್ಗದ ನಕಲನ್ನೂ ಬೇರೆ ಮಾಡುವುದು ಇದೇ.

ಈ ಅಂಶವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಹಾಗಾಗಿ ಕೊಂಚ ನಿಧಾನಿಸಬೇಕು. ಕುರ್ಚಿಯ ಬೆನ್ನು ಮಾತ್ರ ಹಿಂದಕ್ಕೆ ಬಾಗಿ, ಕೂರುವ ಭಾಗ ಚಪ್ಪಟೆಯಾಗಿಯೇ ಉಳಿದರೆ ಮೈ ನಿಧಾನವಾಗಿ ಮುಂದಕ್ಕೆ ಜಾರುತ್ತದೆ. ಹತ್ತು ನಿಮಿಷಕ್ಕೆ ಗೊತ್ತಾಗುವುದಿಲ್ಲ. ಎರಡು ಗಂಟೆಯ ಹೊತ್ತಿಗೆ ಸೊಂಟದ ಹಿಂದೆ ಖಾಲಿ ಜಾಗ, ಭಾರವೆಲ್ಲ ಬಾಲದೆಲುಬಿನ ಮೇಲೆ, ಅಂಗಿ ಮೇಲಕ್ಕೆ ಸುತ್ತಿಕೊಂಡಿರುತ್ತದೆ. ಮುದುಕರ ತೆಳು ಚರ್ಮಕ್ಕೆ ಈ ಉಜ್ಜಾಟದಿಂದ ಹುಣ್ಣೂ ಆದೀತು. ಪರೀಕ್ಷೆ ಸುಲಭ. ಕುರ್ಚಿಯನ್ನು ಪೂರ್ತಿ ಒರಗಿಸಿ ಕಾಲು ಗಂಟೆ ಮಲಗಿರಿ, ಆಮೇಲೆ ಸೊಂಟದ ಹಿಂದಕ್ಕೆ ಕೈ ತೂರಿಸಿ ನೋಡಿ. ಕೂತಾಗ ಇಲ್ಲದ ಸಂದು ಈಗ ಬಿದ್ದಿದ್ದರೆ ಜಾರಿದ್ದೀರಿ ಎಂದರ್ಥ. ಆ ಕುರ್ಚಿ ಟೀವಿ ನೋಡುವವರಿಗೆ ಇರಲಿ.

ಎರಡನೆಯದು ಅಳತೆ. ಟೈಲರ್ ಬಳಿ ಬ್ಲೌಸಿಗೆ ಅಳತೆ ಕೊಡದೆ ಬರುವವರಿಲ್ಲ, ಅದರ ಎಷ್ಟೋ ಪಟ್ಟು ಬೆಲೆಯ ಕುರ್ಚಿಗೆ ಟೇಪ್ ಹಿಡಿಯುವವರೂ ಇಲ್ಲ. ಮನೆಯಲ್ಲೇ ಗೋಡೆಗೆ ಬೆನ್ನು ತಗಲಿಸಿ ಸ್ಟೂಲಿನ ಮೇಲೆ ಕೂತು, ಗೋಡೆಯಿಂದ ಮಂಡಿಯ ಹಿಂಬದಿಯವರೆಗಿನ ಉದ್ದ ಬರೆದುಕೊಳ್ಳಿ. ಅದರಲ್ಲಿ ಎರಡು ಮೂರು ಬೆರಳಗಲ ಕಳೆದರೆ ಸಿಗುವುದು ನಿಮ್ಮ ಕುರ್ಚಿಗೆ ಇರಬೇಕಾದ ಆಳ. ಐದಡಿಯ ಹೆಂಗಸರಿಗೆ ಅದು ಹದಿನೆಂಟು ಇಂಚಿಗಿಂತ ಕಡಿಮೆಯೇ ಬಂದೀತು. ಅಂಗಡಿಯ ಕುರ್ಚಿಗಳೋ ಇಪ್ಪತ್ತು, ಇಪ್ಪತ್ತೆರಡು ಇಂಚು ಆಳದವು. ಹಿಂದಕ್ಕೆ ಸರಿದು ಒರಗಿದರೆ ಮಂಡಿ ಮಡಚದು, ಮಂಡಿ ಮಡಚುವಂತೆ ಕೂತರೆ ಬೆನ್ನು ತಾಗದು. ಆಗ ಮಾರುವವರು ಒಂದು ದಿಂಬು ತಂದು ಬೆನ್ನ ಹಿಂದೆ ತುರುಕುತ್ತಾರೆ: “ಈಗ ನೋಡಿ ಆಂಟಿ, ಪರ್ಫೆಕ್ಟ್.” ದಿಂಬು ತುರುಕಬೇಕಾದ ಹೊಸ ಕುರ್ಚಿ ಯಾಕೆ ಬೇಕು, ದಿಂಬು ಮನೆಯಲ್ಲೂ ಇದೆ ಎಂದು ಆಂಟಿ ಕೇಳಬೇಕು. ಇದೇ ರೀತಿ ನೆಲದಿಂದ ಮಂಡಿಯ ಹಿಂಬದಿಯವರೆಗಿನ ಎತ್ತರವನ್ನೂ ಅಳೆದಿಟ್ಟುಕೊಳ್ಳಿ. ಕುರ್ಚಿಯನ್ನು ಮಾಮೂಲಿ ಸ್ಥಿತಿಗೆ ತಂದಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರದಿದ್ದರೆ ರಾತ್ರಿ ಏಳುವಾಗ ಮುಗ್ಗರಿಸುವುದು ಖಂಡಿತ.

ತಲೆಯ ದಿಂಬಿನದೂ ಇದೇ ಹಾಡು. ಎತ್ತರದವರ ಕತ್ತಿಗೆ ಕೂರಲೆಂದು ಉಬ್ಬಿಸಿದ ಭಾಗ ಗಿಡ್ಡನೆಯವರ ತಲೆಯ ಹಿಂದೆ ಬಂದು ಗದ್ದವನ್ನು ಎದೆಗೆ ಒತ್ತುತ್ತದೆ. ಎಚ್ಚರವಿದ್ದಾಗ ಪತ್ರಿಕೆ ಓದಲು ಚೆನ್ನ, ನಿದ್ದೆಯಲ್ಲಿ ಗೊರಕೆ ಹೆಚ್ಚಿಸಲು ಇನ್ನೂ ಚೆನ್ನ. ತಲೆಯ ಭಾಗ ಬೇರೆಯಾಗಿ ಬಾಗುವಂಥದ್ದೋ, ತೆಗೆದಿಡಬಹುದಾದದ್ದೋ ಇದ್ದರೆ ಅದನ್ನೇ ನೋಡಬೇಕು. ಇನ್ನು ಕಾಲಾಸರೆ: ಅದು ಮೀನಖಂಡವನ್ನು ಪೂರ್ತಿ ಹೊರಬೇಕು, ಹಿಮ್ಮಡಿಯೊಂದೇ ಹಲಗೆಯ ಅಂಚಿಗೆ ನೇತುಬಿದ್ದರೆ ಬೆಳಗಿನ ಜಾವಕ್ಕೆ ಮಂಡಿ ನೋವು ಗ್ಯಾರಂಟಿ. ಕಾಲಾಸರೆಗೂ ಸೀಟಿಗೂ ನಡುವಿನ ಸಂದು ದೊಡ್ಡದಾಗಿದ್ದರೆ ಇನ್ನೊಂದು ಅಪಾಯ. ಪುಟ್ಟ ಮಕ್ಕಳು, ಬೆಕ್ಕುಗಳು ಅದರೊಳಗೆ ತಲೆ ತೂರಿಸುತ್ತವೆ, ಮಡಚುವಾಗ ಸಿಕ್ಕಿಕೊಳ್ಳುತ್ತವೆ. ಮೊಮ್ಮಕ್ಕಳಿರುವ ಮನೆಯಲ್ಲಿ ರಿಮೋಟನ್ನು ಮೇಲೆ ಇಡಬೇಕು. ಎಳೆಗೂಸನ್ನು ಎದೆಯ ಮೇಲೆ ಹಾಕಿಕೊಂಡು ಅಜ್ಜಿ ರಿಕ್ಲೈನರಿನಲ್ಲಿ ನಿದ್ದೆ ಹೋಗುವುದಂತೂ ಬೇಡವೇ ಬೇಡ, ಮಗುವಿನ ಉಸಿರು ಕಟ್ಟುವ ಅಪಾಯ ಸೋಫಾ, ಕುರ್ಚಿಗಳಲ್ಲಿ ಹೆಚ್ಚು ಎಂದು ಮಕ್ಕಳ ತಜ್ಞರು ಕಟ್ಟುನಿಟ್ಟಾಗಿ ಹೇಳುತ್ತಾರೆ.

ಯಂತ್ರದ ಆಯ್ಕೆಯಲ್ಲಿ ಬೆನ್ನುನೋವಿನವರಿಗೆ ಚೌಕಾಸಿ ಕಡಿಮೆ. ಲಿವರಿನ ಕುರ್ಚಿ ಅಗ್ಗ, ಇಪ್ಪತ್ತು ಸಾವಿರದ ಆಚೀಚೆ ಸಿಗುತ್ತದೆ. ಆದರೆ ಅದನ್ನು ಮಡಚಲು ಹಿಮ್ಮಡಿಯಿಂದ ಕಾಲಾಸರೆಯನ್ನು ಬಲವಾಗಿ ಒತ್ತಬೇಕು. ಆ ಒತ್ತು ಬೀಳುವುದು ಎಲ್ಲಿ ನೋವಿದೆಯೋ ಅಲ್ಲಿಗೇ. ಬೆನ್ನಿನಿಂದಲೇ ತಳ್ಳಿ ಒರಗಿಸುವ ಪುಷ್‌ಬ್ಯಾಕ್ ಕೂಡ ಇದೇ ಜಾತಿ. ಮೋಟಾರಿನದಕ್ಕೆ ಹೆಚ್ಚು ಹಣ ಹೋಗುತ್ತದೆ, ಆದರೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಲಿವರಿನದರಲ್ಲಿ ಮೂರೋ ನಾಲ್ಕೋ ನಿಲ್ದಾಣ, ನಿಮ್ಮ ಸೊಂಟಕ್ಕೆ ಬೇಕಾದದ್ದು ಎರಡರ ನಡುವೆ. ಬೆನ್ನಿಗೊಂದು, ಕಾಲಿಗೊಂದು ಎಂದು ಎರಡು ಮೋಟಾರು ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಎರಡು ಗಂಟೆಗೆ ಬೆನ್ನನ್ನು ಕೊಂಚ ಮೇಲೆತ್ತಿ ಕಾಲನ್ನು ಹಾಗೆಯೇ ಬಿಡಬಹುದು. ಎಲ್ಲರ ಬೆನ್ನೂ ರಾತ್ರಿಯಿಡೀ ಒಂದೇ ಕೋನ ಬಯಸುವುದಿಲ್ಲ. ಉಲ್ಮ್‌ನ ಆ ಮನುಷ್ಯನ ಡಿಸ್ಕಿನ ಒತ್ತಡ ಏಳು ಗಂಟೆಯ ನಿದ್ದೆಯಲ್ಲಿ 0.1ರಿಂದ 0.24ಕ್ಕೆ ಏರಿತ್ತು. ಹಗಲೆಲ್ಲ ಹಿಂಡಿಸಿಕೊಂಡ ಡಿಸ್ಕು ರಾತ್ರಿ ನೀರು ಹೀರಿ ಉಬ್ಬುತ್ತದೆ, ಬೆಳಿಗ್ಗೆ ಎದ್ದಾಗ ಎಲ್ಲರೂ ಒಂದೆರಡು ಸೆಂಟಿಮೀಟರ್ ಉದ್ದವಾಗಿರುತ್ತಾರೆ, ಬೆನ್ನೂ ಬಿಗಿಯಾಗಿರುತ್ತದೆ. ಏಳಲೇ ಆಗದವರಿಗೆ ಇಡೀ ಸೀಟನ್ನು ಮುಂದಕ್ಕೆತ್ತಿ ನಿಲ್ಲಿಸುವ ಲಿಫ್ಟ್ ಕುರ್ಚಿಗಳಿವೆ. ಅಮೆರಿಕದಲ್ಲೇ ನೆಲೆಸಿ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಪಡೆದ ಹಿರಿಯರಿಗೆ ಡಾಕ್ಟರ ಚೀಟಿಯಿದ್ದು ನಿಯಮಕ್ಕೆ ಒಳಪಟ್ಟರೆ ಎತ್ತುವ ಯಂತ್ರದ ಖರ್ಚಿನಲ್ಲಿ ಪಾಲು ಸಿಗುತ್ತದೆ, ಕುರ್ಚಿಯದು ಅವರ ಕೈಯಿಂದಲೇ. ಸರ್ಕಾರಕ್ಕೆ ಮೋಟಾರು ಔಷಧ, ಮೆತ್ತೆ ಐಷಾರಾಮ!

ಮೋಟಾರು ಎಂದ ಕೂಡಲೇ ಕರೆಂಟು ನೆನಪಾಗಬೇಕು. ಕಾಲು ಮೇಲೆ, ತಲೆ ಕೆಳಗೆ ಇರುವಾಗ ವಿದ್ಯುತ್ ಹೋದರೆ ಕುರ್ಚಿ ಅಲ್ಲೇ ನಿಲ್ಲುತ್ತದೆ. ಬೆನ್ನುನೋವಿನವರು ಅದರಿಂದ ಇಳಿಯುವ ಬಗೆಯನ್ನು ಯೋಚಿಸಿದರೇ ಚಳುಕು ಹುಟ್ಟುತ್ತದೆ. ಬ್ಯಾಟರಿ ಇರುವುದನ್ನು ಕೇಳಿ, ಇಲ್ಲವೇ ಮನೆಯ ಯುಪಿಎಸ್ ಲೈನಿನ ಪ್ಲಗ್ ಪಕ್ಕದಲ್ಲೇ ಕುರ್ಚಿ ಹಾಕಿಸಿ. ಗೋಡೆಯಿಂದ ಎಷ್ಟು ದೂರ ಬಿಡಬೇಕೆಂದೂ ಕೇಳಿ. ಹಿಂದಕ್ಕೆ ಬಾಗುವ ಮಾಮೂಲಿ ಕುರ್ಚಿಗೆ ಅಡಿಯಷ್ಟು ಜಾಗ ಬೇಕು, ಮುಂದಕ್ಕೆ ಜಾರುವಂಥದ್ದಕ್ಕೆ ಕೆಲವೇ ಇಂಚು.

ಹೊದಿಕೆಯ ವಿಷಯದಲ್ಲಿ ಚರ್ಮದಂತೆ ಕಾಣುವ ರೆಕ್ಸಿನ್ ನೋಡಲು ಚೆಂದ, ಒರೆಸಲು ಸುಲಭ. ಅದರ ಮೇಲೆ ರಾತ್ರಿ ಮಲಗುವುದು ಮಾತ್ರ ಮಂಗಳೂರಿನ ಸೆಕೆಯಲ್ಲೂ ಕಲಬುರಗಿಯ ಮೇ ತಿಂಗಳಲ್ಲೂ ಆಗುವ ಮಾತಲ್ಲ. ಬೆವರಿಗೆ ಬೆನ್ನು ಅಂಟುತ್ತದೆ, ಮಗ್ಗುಲಾದರೆ ಸದ್ದು ಮಾಡುತ್ತದೆ. ಕರಾವಳಿಯ ತೇವಕ್ಕೆ ಅಗ್ಗದ ರೆಕ್ಸಿನ್ ಕೆಲವೇ ವರ್ಷಗಳಲ್ಲಿ ಹೊಪ್ಪಳೆ ಏಳುತ್ತದೆ. ಬಟ್ಟೆಯ ಹೊದಿಕೆಯೇ ನಿದ್ದೆಗೆ ಮೇಲು. ಒಳಗಿನ ಫೋಮಿನ ಡೆನ್ಸಿಟಿ ಕೇಳಿದರೆ 32 ಎಂದೋ 40 ಎಂದೋ ಹೇಳುತ್ತಾರೆ, ದಿನವೂ ಎಂಟು ಗಂಟೆ ಭಾರ ಹೊರುವ ಸೀಟಿಗೆ 40 ಇರಲಿ. ತೀರಾ ಮೆತ್ತಗಿದ್ದರೆ ಮತ್ತೆ ಹಳೇ ಕ್ಯಾನ್‌ವಾಸಿನ ಕತೆ. ಗಟ್ಟಿ ಇದ್ದಷ್ಟೂ ಒಳ್ಳೆಯದೆಂಬುದೂ ನಿಲ್ಲುವುದಿಲ್ಲ. ಸ್ಪೇನಿನಲ್ಲಿ ಬೆನ್ನುನೋವಿನ 313 ಮಂದಿಗೆ ಹಾಸಿಗೆ ಹಂಚಿ ಮೂರು ತಿಂಗಳು ನೋಡಿದಾಗ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರ ನೋವು ಹೆಚ್ಚು ಇಳಿದಿತ್ತೆಂದು 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಗಿದೆ. ಮದುವೆ ಮನೆಯ ಹಿರಿಯರಿಗೆ ಯಾರಾದರೂ ತಿಳಿಸಬೇಕು.

ಎಲ್ಲ ಬೆನ್ನುನೋವೂ ಈ ಕುರ್ಚಿಗೆ ಒಲಿಯುವುದಿಲ್ಲ ಎಂಬುದನ್ನು ಮುಚ್ಚಿಡುವುದು ತಪ್ಪು. ಡಿಸ್ಕು ಹೊರಚಾಚಿ ಕಾಲಿಗೆ ನೋವು ಇಳಿಯುವವರಲ್ಲಿ ಅನೇಕರಿಗೆ ಕೂರುವುದೇ ಆಗದು, ನಿಂತರೆ ನಡೆದರೆ ಹಾಯೆನಿಸುತ್ತದೆ. ಅಂಥವರು ರಿಕ್ಲೈನರಿಗೆ ದುಡ್ಡು ಸುರಿಯುವ ಮುಂಚೆ ನಾಲ್ಕು ಸಲ ಯೋಚಿಸಬೇಕು. ಮಗ್ಗುಲಾಗಿಯೇ ಮಲಗಿ ರೂಢಿಯಾದವರಿಗೂ ಇದು ಹೊಂದದು. ಅವರು ಮಂಚದಲ್ಲೇ ಎರಡು ಮಂಡಿಗಳ ನಡುವೆ ದಿಂಬಿಟ್ಟುಕೊಂಡರೆ ಅರ್ಧ ಕೆಲಸ ಆದೀತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿ ಹುಡುಕುವವರು ಮೊದಲು ಹೃದಯ, ಶ್ವಾಸಕೋಶ ತೋರಿಸಿಕೊಳ್ಳಬೇಕು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ, ನೋವಿನ ಜೊತೆ ಜ್ವರವೋ ಕಾರಣವಿಲ್ಲದ ತೂಕ ಇಳಿತವೋ ಇದ್ದರೆ ಹೋಗಬೇಕಾದದ್ದು ಆಸ್ಪತ್ರೆಗೆ, ಅದೂ ತಡಮಾಡದೆ.

ಕುರ್ಚಿ ಒಲಿದವರೂ ಅದರಲ್ಲೇ ಬೇರೂರಬಾರದು. ತಿಂಗಳುಗಟ್ಟಲೆ ತೊಡೆ, ಮಂಡಿ ಮಡಚಿಯೇ ಮಲಗಿದರೆ ಆ ಸ್ನಾಯುಗಳು ಮೊಟಕಾಗುತ್ತವೆ, ಆಮೇಲೆ ನೆಟ್ಟಗೆ ನಿಲ್ಲುವುದೇ ಹೋರಾಟ. ಕಾಲಾಸರೆ ಇಳಿಸಿ ಕಾಲು ಜೋಲುಬಿಟ್ಟು ಮಲಗುವವರ ಪಾದ ಬಾತುಕೊಳ್ಳುತ್ತದೆ. ಹಗಲಿಡೀ ವಿಶ್ರಾಂತಿ ಎಂಬುದಕ್ಕಂತೂ ವೈದ್ಯಶಾಸ್ತ್ರ ಎಂದೋ ಎಳ್ಳುನೀರು ಬಿಟ್ಟಿದೆ. 1986ರಲ್ಲೇ ಅಮೆರಿಕದ ಡಾಕ್ಟರ್ ರಿಚರ್ಡ್ ಡೇಯೋ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಹಾಸಿಗೆ ಹಿಡಿಯಲು ಹೇಳಿ ನೋಡಿದ್ದರು. ಏಳು ದಿನದವರಿಗೆ ಹೆಚ್ಚಿನದೇನೂ ದಕ್ಕಲಿಲ್ಲ, ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಸೊಂಟನೋವಿದ್ದವರು 61.9 ಕೋಟಿ, 2050ರ ಹೊತ್ತಿಗೆ 84.3 ಕೋಟಿ ಆಗಬಹುದು. ಇಷ್ಟು ಮಂದಿಗೂ ಆ ಸಂಸ್ಥೆ ಮುಖ್ಯವಾಗಿ ಹೇಳುವುದು ವ್ಯಾಯಾಮ, ತಿಳಿವಳಿಕೆ, ಓಡಾಟವನ್ನು. ಕುರ್ಚಿ ರಾತ್ರಿಯದು, ಹಗಲಿನದು ನಡಿಗೆ.

ಕೊಳ್ಳುವ ಮೊದಲು ಮನೆಯಲ್ಲೇ ಒಂದು ವಾರ ಪರೀಕ್ಷಿಸಬಹುದು. ಮಂಚದ ತಲೆಯ ಕಡೆ ಇಳಿಜಾರು ದಿಂಬು, ಮಂಡಿಯ ಕೆಳಗೆ ಸುತ್ತಿದ ಕೌದಿಯೋ ಕಂಬಳಿಯೋ ಇಟ್ಟು ಮಲಗಿ ನೋಡಿ. ನೋವು ಇಳಿಯುತ್ತಿದ್ದರೆ ಕುರ್ಚಿಯೂ ಹೊಂದುವ ಸಂಭವ ಹೆಚ್ಚು. ಆಸ್ಪತ್ರೆ ಸಾಮಾನು ಮಾರುವ ಅಂಗಡಿಗಳಲ್ಲಿ ತಲೆ, ಕಾಲು ಎರಡನ್ನೂ ಎತ್ತುವ ಫೌಲರ್ ಮಂಚ ತಿಂಗಳ ಬಾಡಿಗೆಗೆ ಸಿಗುತ್ತದೆ. ಷೋರೂಮಿನ ಥಳಕು ಅದಕ್ಕಿಲ್ಲ, ಹಾಲ್‌ನಲ್ಲಿ ಹಾಕಿದರೆ ಬಂದವರೆಲ್ಲ “ಯಾರಿಗೆ ಹುಷಾರಿಲ್ಲ?” ಎಂದು ಕೇಳುತ್ತಾರೆ. ಆದರೆ ಮಗ್ಗುಲಾಗಲೂ ಬರುತ್ತದೆ, ಬೇಡವಾದಾಗ ವಾಪಸು ಕೊಡಲೂ ಬರುತ್ತದೆ. ಎಷ್ಟೋ ಸೊಂಟಗಳಿಗೆ ರಿಕ್ಲೈನರಿಗಿಂತ ಇದೇ ಸರಿಯಾದ ಉತ್ತರ.

ಕುರ್ಚಿಯೇ ಬೇಕೆಂದು ತೀರ್ಮಾನಿಸಿದವರು ಸಂಜೆಯ ಗಡಿಬಿಡಿಯಲ್ಲಿ, ಮಕ್ಕಳೊಂದಿಗೆ ಮಾಲ್ ಸುತ್ತುವಾಗ ಹೋಗಬೇಡಿ. ವಾರದ ಮಧ್ಯೆ, ಮಧ್ಯಾಹ್ನದ ಊಟ ಮುಗಿಸಿ, ರಾತ್ರಿ ಉಡುವ ಸಡಿಲ ಬಟ್ಟೆಯಲ್ಲಿ, ಟೇಪು ಹಿಡಿದು ಹೋಗಿ. ಯಾರು ಮಲಗಬೇಕೋ ಅವರೇ ಹೋಗಬೇಕು, ಅವರ ಪರವಾಗಿ ಅಳಿಯನೋ ಸೊಸೆಯೋ ಕೂತು ನೋಡಿದರೆ ಆಗದು. ಐದು ನಿಮಿಷಕ್ಕೆ ಎಲ್ಲ ಕುರ್ಚಿಯೂ ಸುಖವೇ. ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿ, ಎದ್ದು ನಾಲ್ಕು ಹೆಜ್ಜೆ ನಡೆದು, ಆಮೇಲೆ ಬೆಲೆ ಕೇಳಿ. ಅರ್ಧ ಗಂಟೆ ಮಲಗಲು ಬಿಡದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ.